ಹಾಸು ಅಂದರೆ ಹಸು ಅಲ್ಲ

ನಾನು ಏನು ಕೆಲಸ ಮಾಡುತ್ತೇನೆ ಎಂಬುದನ್ನು ಬೆಟಗೇರಿಯ ನಮ್ಮ ಓಣಿಯವರಿಗೆ ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಸರಿಯಾಗಿ ತಿಳಿಸಿ ಹೇಳಲು ಆಗಲಿಲ್ಲ. "ಸರೋಜಕ್ಕ ಡಬ್ಬಿ ಕಂಪನಿಗೆ ಹೋಗ್ತಾಳ" ಎನ್ನುತ್ತಿದ್ದರು. ಸುಳ್ಳೇನಲ್ಲ. ನಾವು ಮಾಡುತ್ತಿದ್ದದ್ದು ಡಬ್ಬಿಯನ್ನೇ. ಹಳ್ಳಿಯ ಕುಡಿಯುವ ನೀರಿನ ಬೋರಿನ ಪಕ್ಕ, ಮೋಟಾರು ಖೋಲಿಯ ಗೋಡೆಗೆ ಹೊಡೆಯುವ ತಗಡಿನ ಡಬ್ಬಿ. ನೀರಿನ ಟಾಕಿ ಖಾಲಿಯಾದರೆ ಮೋಟಾರು ಚಾಲೂ ಮಾಡಬೇಕು, ತುಂಬಿದರೆ ನಿಲ್ಲಿಸಬೇಕು, ಬೋರಿನಲ್ಲಿ ನೀರು ಇಲ್ಲದಾಗ ಮೋಟಾರು ಸುಡದಂತೆ ನೋಡಿಕೊಳ್ಳಬೇಕು. ಡಬ್ಬಿಯೊಳಗೆ ಉಗುರಿನಷ್ಟು ಒಂದು ಚಿಪ್, ಚಿಪ್‌ನೊಳಗೆ ನಮ್ಮ ಪ್ರೋಗ್ರಾಂ.

ಇದನ್ನು ಬರೆಯುತ್ತಿರುವುದು ಇಂಥ ಆಫೀಸುಗಳಿಗೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗಾಗಿ. ಬಡ್ತಿ ಗಿಡ್ತಿಯ ಮಾತು ಬಿಡುತ್ತೇನೆ. ಸಿಕ್ಕದ್ದು ಎರಡೇ, ಎರಡೂ ತಡವಾಗಿ. ನಿಮಗೆ ಕಾಲೇಜಿನಲ್ಲಿ ಪ್ರೋಗ್ರಾಂ ಬರೆಯುವುದನ್ನು ಕಲಿಸಿರುತ್ತಾರೆ. ಅದರ ಜೊತೆಗಿರುವ ಅಂಕಿಗಳ ಫೈಲನ್ನು ಹೇಗೆ ಇಟ್ಟುಕೊಳ್ಳಬೇಕು ಎಂಬುದನ್ನು ಯಾರೂ ಕಲಿಸಿರುವುದಿಲ್ಲ. ನನಗೂ ಕಲಿಸಿರಲಿಲ್ಲ, ಅದಕ್ಕೇ ಮೂರು ದೊಡ್ಡ ತಪ್ಪು ಮಾಡಿದೆ. ಮೂರನ್ನೂ ಹೇಳುತ್ತೇನೆ.

ಪ್ರೋಗ್ರಾಂ ಎಲ್ಲ ಊರಿಗೂ ಒಂದೇ. ಅಂಕಿಗಳು ಮಾತ್ರ ಬೇರೆ ಬೇರೆ. ಟಾಕಿ ಎಷ್ಟು ಎತ್ತರ, ಮೋಟಾರು ಎಷ್ಟು ಎಚ್‌ಪಿ, ಕರೆಂಟು ಎಷ್ಟಕ್ಕಿಂತ ಇಳಿದರೆ ಚಾಲೂ ಮಾಡಬಾರದು, ಟಾಕಿ ತುಂಬಿದಾಗ ಯಾರ ಮೊಬೈಲಿಗೆ ಮೆಸೇಜು ಹೋಗಬೇಕು. ಇವನ್ನೆಲ್ಲ ಊರಿಗೊಂದು ಕಾನ್ಫಿಗರೇಶನ್ ಫೈಲಿನಲ್ಲಿ ಬರೆಯುತ್ತಿದ್ದೆವು. ನಮ್ಮ ಮೇಲಿನವರು ಪಾಟೀಲ ಸರ್. ಒಳ್ಳೆಯ ಮನುಷ್ಯ, ಆದರೆ ಸದಾ ಅವಸರ. ಹೊಸ ಊರಿನ ಆರ್ಡರ್ ಬಂದರೆ ಅವರದು ಒಂದೇ ಮಾತು: "ಹಿಂದಿನ ಊರಿನ ಫೈಲ್ ತಗೀರಿ, ಹೆಸರು ಬದಲಿ ಮಾಡ್ರಿ, ಆತು!"

ಹಾಗೆ ಮಾಡಿದ್ದೇ ನನ್ನ ಮೊದಲ ತಪ್ಪು. ಕುರ್ತಕೋಟಿಯ ಫೈಲನ್ನು ಕಾಪಿ ಮಾಡಿ ಹರ್ತಿಗೆ ಹಾಕಿದೆ. ಟಾಕಿಯ ಎತ್ತರ ಬದಲಿಸಿದೆ, ಮೋಟಾರು ಬದಲಿಸಿದೆ, ಮೊಬೈಲ್ ನಂಬರ್ ಮರೆತೆ. ಹರ್ತಿಯಲ್ಲಿ ಟಾಕಿ ತುಂಬಿದರೆ ಮೆಸೇಜು ಹೋಗುತ್ತಿದ್ದದ್ದು ಕುರ್ತಕೋಟಿಯ ವಾಟರ್‌ಮನ್ನಿಗೆ. ಪಾಪ, ಆತ ಮೂರು ದಿನ ತನ್ನ ಟಾಕಿಯ ಮೆಟ್ಟಿಲು ಹತ್ತಿ ಇಳಿದು, ನಾಲ್ಕನೆಯ ದಿನ ನೆಟ್ಟಗೆ ನಮ್ಮ ಆಫೀಸಿಗೇ ಬಂದ. "ನನ್ನ ಟಾಕಿ ಅರ್ಧಾನೂ ತುಂಬಿಲ್ಲ, ತುಂಬೇತಿ ತುಂಬೇತಿ ಅಂತ ಒದರಾಕತ್ತೇತಲ್ರಿ ಇದು! ಡಬ್ಬಿಗೆ ಸುಳ್ಳ ಹೇಳಾಕ ಯಾರ್ ಕಲಿಸಿದ್ರ?" ಎಂದು ಕೇಳಿದ. ಕಲಿಸಿದವಳು ಅವನ ಎದುರಿಗೇ ಕುಳಿತಿದ್ದಳು. ಚಹಾ ಕುಡಿಸಿ ಕಳಿಸಿದೆ.

ಆಗ ನಕ್ಕು ಬಿಟ್ಟೆವು. ಆದರೆ ಊರುಗಳು ಹೆಚ್ಚಾದಂತೆ ನಗು ಕಡಿಮೆಯಾಯಿತು. ಒಂದು ಅಂಕಿ ಬದಲಿಸಬೇಕೆಂದರೆ ನಲವತ್ತು ಫೈಲು ತೆರೆಯಬೇಕು. ತೆರೆದು, ತಿದ್ದಿ, ಮುಚ್ಚಿ, ಕೊನೆಗೆ ಯಾವುದು ಆಯಿತು ಯಾವುದು ಉಳಿಯಿತು ಎಂದು ನನಗೇ ತಿಳಿಯುತ್ತಿರಲಿಲ್ಲ. ಯಾವಾಗಲೂ ಎರಡು ಊರು ಉಳಿದೇ ಉಳಿಯುತ್ತಿದ್ದವು.

ಇಷ್ಟರಲ್ಲಿ ಹನಮಪ್ಪನವರ ಪರಿಚಯವಾಗಿತ್ತು. ಶಿರಹಟ್ಟಿ ತಾಲೂಕಿನ ಒಂದು ಸಣ್ಣ ಊರಿನ ವಾಟರ್‌ಮನ್. ಊರಿನ ಹೆಸರು ಬರೆಯುವುದಿಲ್ಲ, ಯಾಕೆಂದು ಮುಂದೆ ತಿಳಿಯುತ್ತದೆ. ಅಲ್ಲಿ ಡಬ್ಬಿ ಕೂಡಿಸಲು ಹೋದಾಗ ಮೋಟಾರು ಪದೇ ಪದೇ ನಿಲ್ಲುತ್ತಿತ್ತು. ಬೋರಿನ ನೀರು ತೀರಿದೊಡನೆ ನಮ್ಮ ಡಬ್ಬಿ ಮೋಟಾರನ್ನು ನಿಲ್ಲಿಸಿ, ಹತ್ತು ನಿಮಿಷಕ್ಕೆ ಮತ್ತೆ ಎಬ್ಬಿಸುತ್ತಿತ್ತು. ಹನಮಪ್ಪ ಕೈಕಟ್ಟಿ ನಿಂತು ಬಹಳ ಹೊತ್ತು ನೋಡಿದರು.

"ಅಕ್ಕಾರ, ಒಂದ ಮಾತ ಹೇಳ್ಲೇನ್ರಿ? ಸಿಟ್ಟಿಗೇಳಬ್ಯಾಡ್ರಿ."

"ಹೇಳ್ರಿ ಅಣ್ಣಾರ."

"ಬೋರಿಗೆ ದಮ ತಗೊಳ್ಳಾಕ ಬಿಡ್ರಿ. ಓಡಿ ಬಂದವನ್ನ ನಿಂದ್ರಸಿ ಮತ್ತ ಓಡು ಅಂದ್ರ ಹೆಂಗ್ ಓಡ್ತಾನ್ರಿ? ಝರಿ ಕೂಡಾಕ ನಲವತ್ತ ನಿಮಿಷ ಬೇಕ್ ನೋಡ್ರಿ."

ದಮ ಎಂದರೆ ನಮ್ಮಲ್ಲಿ ಉಸಿರು, ದಣಿದವನು ನಿಂತು ಎಳೆದುಕೊಳ್ಳುವ ಉಸಿರು. ಝರಿ ಕೂಡುವುದು ಎಂದರೆ ಬೋರಿನ ತಳದಲ್ಲಿ ನೀರು ಮತ್ತೆ ಒಸರಿ ಸೇರುವುದು. ನಲವತ್ತು ಇಟ್ಟು ನೋಡಿದೆ. ಸಂಜೆಯವರೆಗೆ ಮೋಟಾರು ಒಂದು ತಕರಾರು ತೆಗೆಯಲಿಲ್ಲ. ಆ ಅಂಕಿಗೆ ಫೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ 'ದಮ' ಎಂದೇ ಹೆಸರಿಟ್ಟೆ. ಮನೆಗೆ ಹೊರಡುವಾಗ ಅವರು ಒಂದು ಸೇರು ಹಸಿ ಶೇಂಗಾ ಕಟ್ಟಿಕೊಟ್ಟರು.

ನಲವತ್ತು ಫೈಲುಗಳ ಗೋಳಿಗೆ ದಾರಿ ತೋರಿಸಿದವಳು ನಮ್ಮ ಅವ್ವ. ಆಕೆ ನೇಕಾರರ ಮನೆಗಳಿಗೆ ಕೆಚ್ಚಲು ಹೋಗುತ್ತಿದ್ದಳು. ಕೆಚ್ಚುವುದು ಎಂದರೇನು ಎಂದು ಹೇಳುತ್ತೇನೆ. ಮಗ್ಗದಲ್ಲಿ ಉದ್ದಕ್ಕೆ ಬರುವ ನೂಲು ಹಾಸು, ಅಡ್ಡಕ್ಕೆ ಹೊಡೆಯುವ ನೂಲು ಹೊಕ್ಕು. ಒಂದು ಹಾಸು ನೇಯ್ದು ಮುಗಿದ ಮೇಲೆ ಸಾವಿರಾರು ಎಳೆಗಳನ್ನು ಮೊದಲಿನಿಂದ ಪೋಣಿಸುವುದಿಲ್ಲ. ಹಳೆಯ ಹಾಸಿನ ತುದಿಯನ್ನು ಮಗ್ಗದಲ್ಲೇ ಉಳಿಸಿ, ಅದರ ಒಂದೊಂದು ಎಳೆಗೆ ಹೊಸ ಹಾಸಿನ ಒಂದೊಂದು ಎಳೆ ಹೊಸೆದು ಕೂಡಿಸುತ್ತಾರೆ. ಆಮೇಲೆ ಎಳೆದರೆ ಹೊಸದು ಹಳೆಯದರ ದಾರಿಯಲ್ಲೇ ಬರುತ್ತದೆ. ಒಮ್ಮೆ ಪೋಣಿಸಿದ್ದು ಎಷ್ಟು ಸೀರೆಗೂ ನಡೆಯುತ್ತದೆ.

ಒಂದು ಭಾನುವಾರ ಆಕೆಯ ಪಕ್ಕ ಕುಳಿತು ನೋಡುತ್ತಿದ್ದಾಗ ನನಗೆ ಹೊಳೆಯಿತು. ಎಲ್ಲ ಊರಿಗೂ ಬೇಕಾದ ಅಂಕಿಗಳನ್ನು ಒಂದೇ ಫೈಲಿನಲ್ಲಿ ಒಂದೇ ಸಲ ಬರೆಯಬೇಕು, ಊರಿನ ಫೈಲುಗಳು ಅಲ್ಲಿಂದಲೇ ತೆಗೆದುಕೊಳ್ಳಬೇಕು. ಆ ಊರಿಗೇ ಬೇರೆಯಾದದ್ದು ಇದ್ದರೆ ಅದನ್ನಷ್ಟೇ ಊರಿನ ಫೈಲಿನಲ್ಲಿ ಬರೆಯಬೇಕು. ಎಲ್ಲರದು ಹಾಸು, ಊರಿನದು ಹೊಕ್ಕು! ಖುಷಿಯಿಂದ ಅವ್ವನಿಗೆ ಹೇಳಿದೆ. ಆಕೆಗೆ ಕಂಪ್ಯೂಟರು ಎಂದರೆ ಟಿವಿ ಇದ್ದಂತೆ, ಆದರೂ ಮಾತು ತಿಳಿಯಿತು.

"ಹೊಕ್ಕಿನಾಗ ತಪ್ಪಿದ್ರ ಒಂದ ಗೆರಿ ಕಾಣತೈತಿ" ಎಂದಳು. "ಹಾಸಿನಾಗ ಒಂದ ಎಳಿ ತಪ್ಪಿದ್ರ ಸೀರಿ ಉದ್ದಕ್ಕೂ ಕಾಣತೈತಿ. ಸುಮ್ನ ಕುಂಡ್ರು, ಕೆಚ್ಚೋವಾಗ ಮಾತಾಡಸಬ್ಯಾಡ."

ನಾನು ಸುಮ್ಮನೆ ಕುಳಿತೆ, ಆದರೆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮರುದಿನವೇ ಇಂಗ್ಲಿಷ್ ಅಕ್ಷರದಲ್ಲಿ ಎಚ್, ಎ, ಎಸ್, ಯು ಎಂದು ಬರೆದು ಹಾಸು ಫೈಲು ತೆರೆದೆ. ಅದರಲ್ಲಿ ಬರೆದ ಮೊದಲ ಸಾಲೇ ಹನಮಪ್ಪನವರ ದಮ. ದಮ, ಸಮಚಿಹ್ನೆ, ನಲವತ್ತು. ನಲವತ್ತು ಏನು, ನಿಮಿಷವೋ ಸೆಕೆಂಡೋ, ಯಾತಕ್ಕೆ, ಯಾರು ಹೇಳಿದ್ದು, ಒಂದಕ್ಷರ ಬರೆಯಲಿಲ್ಲ. ನನಗೆ ಗೊತ್ತಿತ್ತಲ್ಲ! ಇದು ನನ್ನ ಎರಡನೆಯ ತಪ್ಪು. ಹಲವು ವರ್ಷ ಅದು ತಪ್ಪು ಎಂದು ಗೊತ್ತೇ ಆಗಲಿಲ್ಲ, ಅಷ್ಟು ಚೆನ್ನಾಗಿ ನಡೆಯಿತು. ನಲವತ್ತಮೂರು ಊರುಗಳ ಅಂಕಿ ಒಂದೇ ಕಡೆ. ಪಾಟೀಲ ಸರ್ ಬಂದ ಅತಿಥಿಗಳಿಗೆಲ್ಲ ನನ್ನ ಟೇಬಲ್ ತೋರಿಸಿ ಹೊಗಳುತ್ತಿದ್ದರು, ನಾನೂ ಉಬ್ಬುತ್ತಿದ್ದೆ.

ಆಮೇಲೆ ನಮ್ಮ ಆಫೀಸಿಗೆ ಹಾಲಿನ ಕೆಲಸವೂ ಬಂತು. ಹಳ್ಳಿಯ ಡೈರಿಗಳಲ್ಲಿ ಹಾಲು ತಂಪು ಮಾಡುವ ಯಂತ್ರಕ್ಕೆ ಡಬ್ಬಿ. ಅದಕ್ಕೆಂದು ಮಂಡ್ಯದ ಕಡೆಯಿಂದ ಚೇತನ್ ಎಂಬ ಇಂಜಿನಿಯರ್ ಬಂದ. ಜಾಣ, ಮಾತು ಮೃದು, ನಮ್ಮ ರೊಟ್ಟಿಯನ್ನು ಮುರಿಯಲು ಬರದೆ ಮೊದಲ ವಾರ ಒದ್ದಾಡಿದ.

ಒಂದು ಬೇಸಿಗೆ ಹನಮಪ್ಪನವರ ಊರಿನ ಮೋಟಾರು ಸುಟ್ಟಿತು. ಹಿಂದಿನ ವಾರವಷ್ಟೇ ಆ ಡಬ್ಬಿಗೆ ಅಂಕಿಗಳ ಸಮೇತ ಹೊಸ ಪ್ರೋಗ್ರಾಂ ಹಾಕಿ ಬಂದಿದ್ದೆವು. ಸುಟ್ಟ ಮೋಟಾರು ರಿಪೇರಿಗೆಂದು ಗದಗಿಗೆ, ನಮ್ಮ ಆಫೀಸಿಗೆ ಬಂತು, ಪಂಚಾಯಿತಿಯವರು ವರದಿ ಕೇಳಿದರು. ನಾನು ಅಂದು ಮುಂಡರಗಿಗೆ ಹೊರಡುವ ಗಡಿಬಿಡಿಯಲ್ಲಿದ್ದೆ. ಹಳೆಯದೊಂದು ವರದಿ ತೆರೆದೆ, ಊರಿನ ಹೆಸರು ಬದಲಿಸಿದೆ, ಮೋಟಾರಿನ ನಂಬರ್ ಬದಲಿಸಿದೆ, ತಾರೀಖು ಬದಲಿಸಿದೆ. 'ಕಾರಣ' ಎಂಬ ಸಾಲನ್ನು ಸ್ಥಳ ನೋಡಿದ ಮೇಲೆ ಬರೆದರಾಯಿತು ಎಂದುಕೊಂಡು, ಹಾಗೇ ಸಹಿ ಮಾಡಿ ಕಳಿಸಿಬಿಟ್ಟೆ. ಆ ಸಾಲು ಖಾಲಿ ಇರಲಿಲ್ಲ. ಹಳೆಯ ವರದಿಯ ಮಾತು ಅಲ್ಲೇ ಕುಳಿತಿತ್ತು: 'ನಿರ್ವಾಹಕರು ಡಬ್ಬಿಯನ್ನು ತಪ್ಪಿಸಿ ನೇರ ವೈರು ಕೊಟ್ಟಿದ್ದಾರೆ.' ಅದು ಬೇರೆ ಯಾವುದೋ ಊರಿನಲ್ಲಿ ಬೇರೆ ಯಾರೋ ವಾಟರ್‌ಮನ್ ಮಾಡಿದ ಕೆಲಸ.

ಇದು ಮೂರನೆಯ ತಪ್ಪು. ನಾಲ್ಕು ದಿನದ ಮೇಲೆ, ಶನಿವಾರ ಮುಂಜಾನೆ, ಹನಮಪ್ಪನವರ ಫೋನು ಬಂತು.

"ಅಕ್ಕಾರ, ನನ್ನ ತಗಿಯಾಕತ್ತಾರ್ರಿ. ಸೋಮವಾರ ಮೀಟಿಂಗ್ ಐತಿ. ಹತ್ತೊಂಬತ್ತ ವರ್ಷ ಆತ್ರಿ ನೀರು ಬಿಡಾಕ ಹತ್ತಿ. ಕಂಪನಿಯವರ ಬರ್ದು ಕೊಟ್ಟಾರ, ನೀನ ಸುಟ್ಟಿ ಅಂತಾರ."

"ಯಾರ್ ಬರದಾರ್ರಿ ಅಣ್ಣಾರ?"

"ಸಹಿ ನಿಮ್ದ ಐತಿ ಅಂದ್ರು" ಎಂದರು.

ಮೊದಲ ಬಸ್ಸಿಗೇ ಹೊರಟೆ. ಮೋಟಾರು ಖೋಲಿಯಲ್ಲಿ ಹನಮಪ್ಪ ಒಬ್ಬರೇ ಇದ್ದರು. ಬರ್ರಿ ಎಂದರು, ಕುಂಡ್ರಿ ಎಂದರು, ನೀರು ಕೊಟ್ಟರು. ಮುಖ ಮಾತ್ರ ನೋಡಲಿಲ್ಲ.

"ನೇರ ವೈರು ಕೊಟ್ಟಿದ್ರೇನ್ರಿ?" ಎಂದು ಕೇಳಿದೆ. ಕೇಳಬಾರದಿತ್ತು.

"ಡಬ್ಬಿ ಇದ್ದದ್ದ ಅದಕ್ಕಲ್ಲೇನ್ರಿ, ನಾ ನೆಚ್ಚಿಗಿಲೆ ಊಟಕ್ಕ ಹೋಗಾಕ? ಹೋಗಿ ಬರೋದ್ರಾಗ ವಾಸನಿ ಬಂದಿತ್ತು. ನಾ ಯಾಕ್ ವೈರ್ ಮುಟ್ಲಿ?"

ಡಬ್ಬಿಯೊಳಗೆ ಮೋಟಾರು ದಿನಕ್ಕೆ ಎಷ್ಟು ಸಲ ಎದ್ದಿತೆಂಬ ಎಣಿಕೆ ಉಳಿದಿರುತ್ತದೆ. ನೇರ ವೈರು ಕೊಟ್ಟಿದ್ದರೆ ಅದು ಸೊನ್ನೆ ಇರಬೇಕಿತ್ತು. ಸರಿಯಾಗಿದ್ದರೆ ಎಂಟೋ ಹತ್ತೋ ಇರಬೇಕಿತ್ತು. ಸುಟ್ಟ ದಿನದ ಎಣಿಕೆ ನೂರು ದಾಟಿತ್ತು. ಬತ್ತಿದ ಬೋರಿನಲ್ಲಿ ಮೂರು ಮೂರು ನಿಮಿಷಕ್ಕೊಮ್ಮೆ ಮೋಟಾರು ಎದ್ದಿತ್ತು. ದಮ ನಲವತ್ತಲ್ಲ, ಮೂರಾಗಿತ್ತು.

ಮಧ್ಯಾಹ್ನ ಆಫೀಸಿಗೆ ಬಂದು ಹಾಸು ಫೈಲು ತೆರೆದೆ. ಮೂರು! ತಿದ್ದಿದವನು ಚೇತನ್. ಆತನ ಟೇಬಲ್ಲಿಗೆ ಹೋಗಿ ಕೂಗಾಡಿಬಿಟ್ಟೆ. "ನಿನಗ ಯಾರ್ ಹೇಳಿದ್ರಪಾ ಇದನ್ನ ಮುಟ್ಟಾಕ? ಒಬ್ಬ ಮನಷ್ಯಾನ ಕೆಲಸಾ ಹೋಗಾಕತ್ತೇತಿ ಇಲ್ಲಿ!"

ಹುಡುಗ ಗಾಬರಿಯಾದ. "ಮೇಡಂ, ಅದು ಡೈರಿ ಫೈಲ್ ಅಲ್ವಾ? ಹಸು ಅಂತ ಇತ್ತಲ್ಲ. ದಮ ಅಂದ್ರೆ ನಿಂತ ಮೇಲೆ ಕಾಯೋ ನಿಮಿಷ ಅಂತ ಪ್ರೋಗ್ರಾಂ ನೋಡಿ ತಿಳ್ಕೊಂಡೆ. ಕಂಪ್ರೆಸರ್ ನಿಂತ್ಮೇಲೆ ನಲವತ್ತು ನಿಮಿಷ ಕಾಯ್ತಾ ಕೂತ್ರೆ ಹಾಲು ಕೆಟ್ಟೋಗುತ್ತೆ. ಮೂರು ನಿಮಿಷ ಸಾಕು ಅಂತ ಸರಿ ಮಾಡ್ದೆ."

"ಹಸು?"

"ಹೂಂ ಮೇಡಂ. ಎಚ್ ಎ ಎಸ್ ಯು. ಹಸು. ಕೌ."

ನಾನು ಕುರ್ಚಿ ಎಳೆದು ಕುಳಿತೆ. ನಮ್ಮಲ್ಲಿ ಹಸುವಿಗೆ ಆಕಳು ಎನ್ನುತ್ತಾರೆ. ಮನೆಯಲ್ಲಿ, ಓಣಿಯಲ್ಲಿ, ಸಂತೆಯಲ್ಲಿ ಹಸು ಎಂಬ ಮಾತೇ ಇಲ್ಲ. ನೇಕಾರರ ಮನೆಯ ಮಗಳಿಗೆ ಆ ನಾಲ್ಕು ಅಕ್ಷರ ಹಾಸಲ್ಲದೆ ಬೇರೆ ಏನೂ ಆಗಿ ಕಾಣಲು ಸಾಧ್ಯವಿರಲಿಲ್ಲ. ಮಂಡ್ಯದ ಹುಡುಗನಿಗೆ, ಅದೂ ಹಾಲಿನ ಕೆಲಸಕ್ಕೆ ಬಂದವನಿಗೆ, ಹಸುವಲ್ಲದೆ ಇನ್ನೇನು ಕಾಣಬೇಕು? ಆತ ತಪ್ಪು ತಿದ್ದಿರಲಿಲ್ಲ. ಹಾಲಿನ ಮಟ್ಟಿಗೆ ಸರಿಯಾಗಿಯೇ ತಿದ್ದಿದ್ದ. ಬೈದದ್ದಕ್ಕೆ ನಾಚಿಕೆಯಾಯಿತು, ಹೇಳಿಯೂಬಿಟ್ಟೆ: "ತಪ್ಪ ನಿಂದಲ್ಲ ತಮ್ಮಾ." ಆತ ಅಳುವುದೊಂದು ಬಾಕಿ ಇತ್ತು. ಆ ವಾರ ಹೊಸ ಪ್ರೋಗ್ರಾಂ ಹೋಗಿದ್ದ ಉಳಿದ ಐದು ಊರುಗಳಿಗೆ ಇಬ್ಬರೂ ಕೂಡಿ ಫೋನು ಮಾಡಿ ಮೋಟಾರು ನಿಲ್ಲಿಸಲು ಹೇಳಿದೆವು. ದೇವರು ದೊಡ್ಡವನು, ಅವು ಸುಟ್ಟಿರಲಿಲ್ಲ.

ಆಮೇಲೆ ಪಾಟೀಲ ಸರ್. ಎಲ್ಲ ಕೇಳಿ ಕನ್ನಡಕ ತೆಗೆದಿಟ್ಟರು. "ಸರೋಜಾ, ಕಾಗದ ಹೋಗೇತಿ. ಹಿಂದ ತಗೊಂಡ್ರ ಕಂಪನಿ ತಪ್ಪ ಒಪ್ಪಿದಂಗ ಆತು. ಮುಂದಿನ ಆರ್ಡರ್ ಗತಿ ಏನು?"

"ಸರ್, ತಪ್ಪ ನಮ್ದ ಐತ್ರಿ. ನಂದ ಐತಿ. ನಾ ಒಬ್ಬಾಕಿನ ಹೋಗಿ ಹೇಳ್ತೀನಿ. ನೀವು ಬ್ಯಾಡ ಅಂದ್ರೂ ಹೇಳ್ತೀನಿ."

ಅವರೊಂದಿಗೆ ನಾನು ಹಾಗೆ ಮಾತಾಡಿದ್ದು ಅದೊಂದೇ ಸಲ. ಅವರು ಡ್ರಾವರಿನಿಂದ ಒಂದು ಬಿಳಿ ಹಾಳೆ ತೆಗೆದು ನನ್ನ ಮುಂದೆ ಇಟ್ಟರು. "ಬರೀರಿ. ಕೈಲೆ ಬರೀರಿ. ಹಳೇದ್ಯಾವ್ದನ್ನೂ ತಗದು ಕಾಪಿ ಮಾಡಬ್ಯಾಡ್ರಿ. ನಾನೂ ಸಹಿ ಮಾಡ್ತೀನಿ."

ಸೋಮವಾರ ಪಂಚಾಯಿತಿಯ ಖೋಲಿ ತುಂಬಿತ್ತು. ಬೇಸಿಗೆಯಲ್ಲಿ ನೀರಿಲ್ಲದ ಜನ ಸಿಟ್ಟಿನಲ್ಲಿದ್ದರು. ಹನಮಪ್ಪ ಬಾಗಿಲ ಬಳಿ, ಟವೆಲ್ಲನ್ನು ಕೈಯಲ್ಲಿ ಹಿಂಡುತ್ತ ನಿಂತಿದ್ದರು. ನಾನು ಎದ್ದು ನಿಂತು ಕಾಗದ ಓದಿದೆ. ವರದಿಯ ಕಾರಣದ ಸಾಲು ಬೇರೆ ಊರಿನದು, ಅದು ಹನಮಪ್ಪನವರ ಬಗ್ಗೆ ಬರೆದದ್ದೇ ಅಲ್ಲ, ನಾನು ಅಳಿಸಲು ಮರೆತೆ ಎಂದು ಹೇಳಿದೆ. ಎಣಿಕೆ ತೋರಿಸಿದೆ. ಮೋಟಾರು ಸುಟ್ಟದ್ದು ನಮ್ಮ ಫೈಲಿನಿಂದ, ಹೊಸ ಮೋಟಾರು ನಾವೇ ಕೂಡಿಸುತ್ತೇವೆ ಎಂದೆ. ನನ್ನ ಜೊತೆ ಬಂದಿದ್ದ ಚೇತನ್ ತಾನಾಗಿಯೇ ಎದ್ದು, ತಾನು ಹಾಸನ್ನು ಹಸು ಎಂದು ಓದಿದ್ದನ್ನು ಹೇಳಿದ.

"ಆಕಳಾ?" ಎಂದರು ಹಿಂದಿನಿಂದ ಒಬ್ಬ ಹಿರಿಯರು. "ಬೋರಿನಾಗ ಆಕಳ ಹೆಂಗ್ ಬಂತೋ ಯಪ್ಪಾ!"

ಖೋಲಿಯೆಲ್ಲ ನಕ್ಕಿತು. ನಕ್ಕ ಮೇಲೆ ಸಿಟ್ಟು ಇಳಿಯಿತು. ಪಂಚಾಯಿತಿಯ ಪಿಡಿಓ ಸಾಹೇಬರು ಹನಮಪ್ಪನವರನ್ನು ತೆಗೆಯುವ ನೋಟಿಸನ್ನು ಎಲ್ಲರೆದುರು ಹರಿದು ಹಾಕಿದರು. ಹನಮಪ್ಪ ಮಾತ್ರ ನಗಲಿಲ್ಲ.

ಹೊರಗೆ ಬಂದ ಮೇಲೆ ನನ್ನ ಹತ್ತಿರ ಬಂದರು. "ಕೆಲಸಾ ಹೋಗತೈತಿ ಅಂತ ಅಷ್ಟ ಅಲ್ರಿ ಅಕ್ಕಾರ. ನೀವ ಬರ್ದೀರಿ ಅಂದ್ರಲ್ಲ, ಎರಡ ದಿನಾ ಊಟಾ ಸೇರಲಿಲ್ಲ."

ಲ್ಯಾಪ್‌ಟಾಪ್ ತೆರೆದು, ಹಿಂದಿನ ದಿನ ತಿದ್ದಿದ ಸಾಲನ್ನು ಓದಿ ಹೇಳಿದೆ: 'ದಮ, ನಲವತ್ತು ನಿಮಿಷ. ಬತ್ತಿದ ಬೋರಿನಲ್ಲಿ ಝರಿ ಕೂಡಲು ಬೇಕಾದ ಹೊತ್ತು. ಹೇಳಿದವರು ಹನಮಪ್ಪ. ಕೇಳದೆ ಬದಲಿಸಬಾರದು.' ಅವರು ಪರದೆಯ ಮೇಲೆ ತಮ್ಮ ಹೆಸರು ಎಲ್ಲಿದೆ ಎಂದು ಕೇಳಿದರು. ತೋರಿಸಿದೆ. ಬಹಳ ಹೊತ್ತು ನೋಡಿ, ಟವೆಲ್ಲಿನಿಂದ ಕಣ್ಣು ಒರೆಸಿಕೊಂಡು, "ಬಿಸಲಾಗೇತ್ರಿ, ಮನಿಗೆ ಬರ್ರಿ, ಮಜ್ಜಿಗಿ ಕುಡಿದು ಹೋಗೀರಂತ" ಎಂದರು.

ಆಮೇಲೆ ನಾನು ಕೆಲಸ ಮಾಡಿದ ಅಷ್ಟೂ ವರ್ಷ ಹಾಸಿನ ಒಂದೊಂದು ಅಂಕಿಯ ಮುಂದೆಯೂ ಅದು ಏನು, ಯಾತಕ್ಕೆ, ಯಾರು ಹೇಳಿದ್ದು ಎಂದು ಬರೆದೆ. ಫೈಲಿನ ನೆತ್ತಿಯ ಮೇಲೆ ಚೇತನ್ ತನ್ನ ಕೈಯಾರೆ ಒಂದು ಸಾಲು ಹಾಕಿದ: 'ಇದು ಮಗ್ಗದ ಹಾಸು. ಹಸು ಅಲ್ಲ.' ನನ್ನ ಪಾಠ ಮುಗಿಯಿತು ಎಂದುಕೊಂಡೆ.

ನಿವೃತ್ತಳಾಗಿ ಮನೆಯಲ್ಲಿದ್ದ ನನಗೆ ಹೋದ ತಿಂಗಳು ಆಫೀಸಿನಿಂದ ಫೋನು ಬಂತು. ಹೊಸದಾಗಿ ಸೇರಿದ ಹುಡುಗಿ, ಲಕ್ಷ್ಮೇಶ್ವರದವಳು, ರೇಷ್ಮಾ ಎಂದು.

"ಮೇಡಂ, ಹಳೇ ಫೈಲೆಲ್ಲಾ ಹೊಸಾ ಸಾಫ್ಟ್‌ವೇರಿಗೆ ಹಾಕಾಕತ್ತೀನ್ರಿ. ಹಾಸು ಅಂದ್ರ ಏನು ಅನ್ನೋದು ತಿಳೀತು. ಆದ್ರ ದಮ ಅನ್ನೋ ಸಾಲಿನಾಗ ಹನಮಪ್ಪ ಅಂತ ಐತಿ. ಎಲ್ಲಾ ಕಡೆ ಹುಡುಕಿದೆ, ಸಿಗವಲ್ದು. ಹನಮಪ್ಪ ಅಂದ್ರ ಯಾವ ಮಾಡ್ಯೂಲ್ರಿ?"

ನನಗೆ ನಗು ಬಂತು, ಜೊತೆಗೆ ಕಣ್ಣಲ್ಲಿ ನೀರೂ ಬಂತು. "ಮಾಡ್ಯೂಲ್ ಅಲ್ಲ ತಂಗಿ, ಮನಷ್ಯಾ ಅದಾರ. ಭಾನುವಾರ ಬಾ, ಭೆಟ್ಟಿ ಮಾಡಸ್ತೀನಿ."

ಹನಮಪ್ಪನವರೂ ಈಗ ಕೆಲಸ ಬಿಟ್ಟಿದ್ದಾರೆ. ಆದರೂ ದಿನಾ ಮೋಟಾರು ಖೋಲಿಯ ಮುಂದಿನ ಕಟ್ಟೆಗೆ ಬಂದು ಕುಳಿತು, ಒಳಗಿನ ಸದ್ದು ಕೇಳುತ್ತಾರೆ. ನಮ್ಮನ್ನು ನೋಡಿ ಹಿಗ್ಗಿದರು. ರೇಷ್ಮಾಳ ಊರು ಕೇಳಿದರು, ತಂದೆ ತಾಯಿಯನ್ನು ಕೇಳಿದರು. ಆಮೇಲೆ, "ದಮ ಈಗ ಎಷ್ಟ ಇಟ್ಟೀರಿ?" ಎಂದರು.

"ನಲವತ್ತರಿ, ಅಜ್ಜಾರ."

"ಅದು ಆವಾಗಿಂದಾತು. ಬೋರು ನನ್ನಂಗ ಮುದಕ ಆಗೇತವಾ. ಐವತ್ತೈದು ಬೇಕು."

ರೇಷ್ಮಾ ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದು, ಹಾಸಿನಲ್ಲಿ ನಲವತ್ತನ್ನು ಅಳಿಸಿ ಐವತ್ತೈದು ಬರೆದಳು. "ಇಲ್ಲೊಂದ ಕಡೆ ಬರದ್ರ ಸಾಕ್ರಿ ಅಜ್ಜಾರ, ನಲವತ್ತಮೂರೂ ಊರಿಗೆ ಹೊಕ್ಕೇತಿ" ಎಂದಳು. ಆ ಮಾತಿನಲ್ಲಿದ್ದ ಹೆಮ್ಮೆ ಒಂದು ಕಾಲದಲ್ಲಿ ನನ್ನದಾಗಿತ್ತು.

ಹನಮಪ್ಪ ಕೈ ಎತ್ತಿದರು. "ತಡಿಯವಾ, ತಡಿ. ನಾ ಈ ಬೋರಿನ ಮಾತ ಹೇಳಿದ್ನಿ. ಉಳದ ನಲವತ್ತೆರಡು ಊರಾಗ ಯಾರನ್ನ ಕೇಳೀರಿ?"

ಹುಡುಗಿ ನನ್ನ ಮುಖ ನೋಡಿದಳು. ಆ ಊರುಗಳಲ್ಲಿ ನಲವತ್ತು ನಡೆಯುತ್ತಿತ್ತು, ಮೋಟಾರು ಸುಡಲಿಲ್ಲ, ನಾನು ಕೇಳಲೂ ಇಲ್ಲ. ಅಲ್ಲೆಲ್ಲ ಒಬ್ಬೊಬ್ಬ ಹನಮಪ್ಪ ಕೈಕಟ್ಟಿ ನಿಂತು ನಮ್ಮ ಡಬ್ಬಿಯನ್ನು ನೋಡುತ್ತಲೇ ಇದ್ದಿರಬೇಕು.

"ಯಾರನ್ನೂ ಕೇಳಿಲ್ರಿ, ಅಣ್ಣಾರ" ಎಂದೆ.

ರೇಷ್ಮಾ ಹಾಸಿನಲ್ಲಿ ಮತ್ತೆ ನಲವತ್ತು ಬರೆದಳು. ಈ ಊರಿನ ಫೈಲು ತೆರೆದು, ಅದರಲ್ಲಿ ಐವತ್ತೈದು ಎಂದೂ ಹನಮಪ್ಪ ಎಂದೂ ಬರೆದಳು. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ, ಬ್ಯಾಗಿನಿಂದ ನೋಟ್‌ಬುಕ್ ತೆಗೆದು, ನಲವತ್ತೆರಡು ಗೆರೆ ಎಳೆದಳು. ಮೊದಲನೆಯ ಗೆರೆಯ ಮೇಲೆ ಹರ್ತಿ ಎಂದು ಬರೆದು, ಮುಂದೆ ಹೆಸರಿಗೆ ಜಾಗ ಬಿಟ್ಟಳು.